ಬಟ್ಟೆ ಎತ್ತಬಾರದ ಬುಟ್ಟಿ

ಶನಿವಾರ ಬೆಳಿಗ್ಗೆ ಎಂಟೂವರೆಗೆ ದೊನ್ ಸರೀನು ಒಂದು ಮೊಬೈಲ್ ಫೋನಿನ ಮೇಲೆ ನಿಂಬೆಹಣ್ಣು ಹಿಂಡಿದರು. ಕರಿಮೆಣಸಿನ ಪುಡಿ ಉದುರಿಸಿದರು. ಆಮೇಲೆ ಕಚ್ಚಿದರು.

ತಪ್ಪು ಅವರದಲ್ಲ. ಪಲೆರ್ಮೊ ಊರಿನ ಕಾಪೊ ಮಾರುಕಟ್ಟೆಯಲ್ಲಿ ದೊನ್ನಾ ನಿನ್ಫಾ ಕಾಗದದಲ್ಲಿ ಹಾಕಿಕೊಟ್ಟದ್ದನ್ನು ಯಾರೂ ಬಿಡಿಸಿ ಪರೀಕ್ಷೆ ಮಾಡುವುದಿಲ್ಲ. ದೊನ್ ಅನ್ನುವುದು ಅಲ್ಲಿ ಗಂಡಸರಿಗೆ, ದೊನ್ನಾ ಅನ್ನುವುದು ಹೆಂಗಸರಿಗೆ ಸಲ್ಲುವ ಮರ್ಯಾದೆ. ನಮ್ಮ ದೊನ್ನೆಗೂ ಅದಕ್ಕೂ ನಂಟಿಲ್ಲ, ನಿನ್ಫಾ ಕೊಡುವುದೆಲ್ಲ ಕಾಗದದಲ್ಲೇ. ಅವಳ ಮುಂದೆ ಒಂದು ದೊಡ್ಡ ಬೆತ್ತದ ಬುಟ್ಟಿ, ಬುಟ್ಟಿಯ ಮೇಲೆ ದಪ್ಪನೆಯ ಬಿಳಿ ಬಟ್ಟೆ. ಗಿರಾಕಿ ಬಂದು ನಿಂತರೆ ಅವಳ ಬಲಗೈ ಬಟ್ಟೆಯ ಕೆಳಗೆ ನುಗ್ಗುತ್ತದೆ, ಒಂದು ಹಿಡಿ ಫ್ರಿತ್ತೊಲಾ ಹಿಡಿದು ಹೊರಗೆ ಬರುತ್ತದೆ, ಕಾಗದಕ್ಕೆ ಬೀಳುತ್ತದೆ, ಅಷ್ಟೆ. ಕಟುಕರು ಮಾರಿ ಉಳಿದ ಕರುವಿನ ಚೂರುಪಾರು, ಕುರುಮುರು ಎನ್ನುವ ಎಳೆಮೂಳೆ, ಕೊಬ್ಬಿನ ತುಣುಕು, ಇವನ್ನೆಲ್ಲ ಬೇಯಿಸಿ, ಮತ್ತೆ ಕೊಬ್ಬಿನಲ್ಲೇ ಹುರಿದು, ಕೇಸರಿ ಹಾಕಿ ಮಾಡಿದ ತಿನಿಸು ಅದು. ನಿಮ್ಮ ಪಾಲಿಗೆ ಇವುಗಳಲ್ಲಿ ಯಾವುದು ಬಂತು ಎಂದು ತಿಳಿಯುವುದು ಬಾಯಿಗೆ ಹಾಕಿಕೊಂಡ ಮೇಲೆ.

ಆ ದಿನ ಸಾಲಿನಲ್ಲಿ ದೊನ್ ಸರೀನು ಅವರ ಮುಂದೆ ಮಿಲಾನಿನಿಂದ ಬಂದ ಎದ್ವಾರ್ದೊ ಎಂಬ ಮೂವತ್ತೈದರ ಗಂಡಸು ನಿಂತಿದ್ದ. ಯಾವ ಊರಿಗೆ ಹೋದರೆ ಎಲ್ಲಿ ತಿನ್ನಬೇಕು, ಎಲ್ಲಿ ಕುಡಿಯಬೇಕು ಎಂದು ಇಂಟರ್‌ನೆಟ್ಟಿನಲ್ಲಿ ಬರೆಯುವುದೇ ಅವನ ಕಸುಬು. ತನ್ನ ಸರದಿ ಬಂದಾಗ ಅವನು ಕಾಗದಕ್ಕೆ ಕೈ ಚಾಚುವ ಬದಲು ಫೋನಿನ ಕ್ಯಾಮೆರಾ ಶುರುಮಾಡಿ ಬಟ್ಟೆಯ ಅಂಚಿನ ಕೆಳಗೆ ತೂರಿಸಿದ. ನಿನ್ಫಾ ಸೊಳ್ಳೆಗೆ ಹೊಡೆದ ಹಾಗೆ ಅವನ ಮಣಿಕಟ್ಟಿಗೆ ಒಂದು ಬಿಟ್ಟಳು. ಫೋನು ಅವಳ ಬುಟ್ಟಿಗೆ ಬಿತ್ತು. ಅವಳ ಬುಟ್ಟಿಗೆ ಬಿದ್ದವರು ಬಹಳ ಮಂದಿ, ಆದರೆ ಹೀಗೆ ತಲೆಕೆಳಗಾಗಿ ಯಾರೂ ಬಿದ್ದಿರಲಿಲ್ಲ. ಹಬೆ ಕವಿದ ಕನ್ನಡಕ ಒರೆಸಿಕೊಂಡು ಅವನು "ಸಿನ್ಯೋರಾ, ನನ್ನ..." ಎನ್ನುವಷ್ಟರಲ್ಲಿ ಅವಳ ಕೈ ಒಳಗೆ ಹೋಗಿ ಬಂದು, ಮುಂದಿನ ಗಿರಾಕಿಯ ಕಾಗದ ತುಂಬಿತ್ತು.

ದೊನ್ ಸರೀನು ಮೂವತ್ತು ವರ್ಷ ಊರಿನ ಬಸ್ಸು ಓಡಿಸಿ ಒಂದು ಬೆಕ್ಕಿಗೂ ಗುದ್ದದೆ ನಿವೃತ್ತರಾದವರು. ಈಗ ಅವರ ಹೊಸ ಹಲ್ಲಿನ ಸೆಟ್ಟು ನೇರ ಹೋಗಿ ಗಾಜಿಗೆ ಗುದ್ದಿತು. ಅದೇ ಹೊತ್ತಿಗೆ ಫೋನು ಬಡಿದುಕೊಳ್ಳತೊಡಗಿತು. ಜಿಡ್ಡಿನ ನಡುವೆ ಹೆಸರು ಮಿನುಗಿತು: ಮಮ್ಮಾ.

"ದೊನ್ನಾ ನಿನ್ಫಾ, ಇವತ್ತಿನ ಕರು ತೀರಾ ಎಳೇದು ಕಣ್ರೀ!" ಎಂದು ಎದುರಿನ ಮೀನಿನವನು ಕೂಗಿದ. "ಇನ್ನೂ ಅಮ್ಮಾ ಅಂತಿದೆ!"

ಇಡೀ ಬೀದಿ ನಕ್ಕಿತು. ನಿನ್ಫಾಳ ಕಿವಿ ಕೆಂಪಾಯಿತು. ಮೂವತ್ತಮೂರು ವರ್ಷದಲ್ಲಿ ಅವಳ ಕೈ ಹೀಗೆ ಎಡವಿದ್ದೇ ಇಲ್ಲ. ದೊನ್ ಸರೀನು ಅವರಿಗೆ ಬೇರೆ ಹಿಡಿ ಹಾಕಿಕೊಟ್ಟಳು. ಫೋನನ್ನು ಏಪ್ರನ್ನಿಗೆ ಒರೆಸಿ ಮಿಲಾನಿನವನ ಕೈಗಿಟ್ಟಳು.

"ತಗೋಪ್ಪಾ. ಅಮ್ಮ ಕರೀತಿದಾರೆ, ಮಾತಾಡು. ಇನ್ನೊಬ್ಬರ ಮನೆ ಬಾಗಿಲಲ್ಲಿ ಇಣುಕಬಾರದು ಅಂತ ಅವರು ಹೇಳಿಕೊಟ್ಟಿಲ್ವಾ, ಅದನ್ನೂ ಹಾಗೇ ಕೇಳಿಬಿಡು."

ನಿನ್ಫಾಗೆ ಈಗ ಐವತ್ತೇಳು. ಎತ್ತರ ಕಡಿಮೆ, ಅಗಲ ಸಾಕಷ್ಟು, ಮಾತು ಬೇಕಾದಷ್ಟೇ. ಅವಳ ಮೊಂಡುತನ ಮಾತ್ರ ಹುಟ್ಟಿನಿಂದ ಬಂದದ್ದು. ಸನ್ಯಾಸಿನಿಯರ ಶಾಲೆಯಲ್ಲಿ ನಾಲ್ಕನೇ ತರಗತಿಯಲ್ಲಿದ್ದಾಗ "ನಿನ್ನ ಮೈ ಕೊಬ್ಬಿನ ವಾಸನೆ ಹೊಡೆಯುತ್ತೆ, ಕ್ಷಮೆ ಕೇಳು" ಎಂದರಂತೆ ಸಿಸ್ಟರು. ಅವಳು ಕೇಳಲಿಲ್ಲ. ನೆಲದಲ್ಲಿ ಕಡಲೆಕಾಳು ಹರಡಿ ಅದರ ಮೇಲೆ ಮಂಡಿಯೂರಿಸಿದರು. ಅರ್ಧ ಗಂಟೆ ಮಂಡಿಯೂರಿದಳು, ಎದ್ದಳು, ಕಾಳನ್ನೆಲ್ಲ ಆರಿಸಿ ಲಂಗದ ಜೇಬಿಗೆ ತುಂಬಿಕೊಂಡು ಮನೆಗೆ ಹೋದಳು. ಆ ರಾತ್ರಿ ಮನೆಯವರೆಲ್ಲ ಕಡಲೆ ಸೂಪು ಕುಡಿದರು. ಮಾರನೆಯ ದಿನ ಸಿಸ್ಟರು ಕೇಳಿದ್ದಕ್ಕೆ, "ಶಿಕ್ಷೆ ನನಗೆ ಕೊಟ್ಟಿದ್ದಲ್ವಾ? ಹಾಗಾದ್ರೆ ನಂದೇ" ಎಂದಳು.

ಬುಟ್ಟಿ ಮೊದಲು ಅಪ್ಪನದು. ಅಪ್ಪನ ನಂತರ ತಮ್ಮನಿಗೆ ಹೋಗಬೇಕಿತ್ತು, ಏಕೆಂದರೆ ಫ್ರಿತ್ತೊಲಾ ಮಾರುವುದು ಗಂಡಸರ ಕೆಲಸ ಎಂದು ಗಂಡಸರು ತೀರ್ಮಾನಿಸಿದ್ದರು. ತಮ್ಮನಿಗೆ ಕ್ಷೌರದ ಕತ್ತರಿ ಮೇಲೆ ಪ್ರೀತಿ. ಅಪ್ಪನ ಮಂಡಿ ಕೈಕೊಟ್ಟ ವರ್ಷ ಇಪ್ಪತ್ತನಾಲ್ಕರ ನಿನ್ಫಾ ಬುಟ್ಟಿ ಹೊತ್ತುಕೊಂಡು ಬಂದು ಅದೇ ಮೂಲೆಯಲ್ಲಿ, ಅದೇ ಮರದ ಮೇಜಿನ ಮೇಲೆ ಇಳಿಸಿದಳು. ಹೆಂಗಸಿನ ಕೈ ತಂಪು, ಮಾಂಸ ಆರಿಹೋಗುತ್ತದೆ ಎಂದರು ಕೆಲವರು. ಹೆಂಗಸಿನ ಕೈ ಬಿಸಿ, ಮಾಂಸ ಕೆಡುತ್ತದೆ ಎಂದರು ಉಳಿದವರು. ಇಪ್ಪತ್ತೆರಡು ದಿನ ಯಾರೂ ಕೊಳ್ಳಲಿಲ್ಲ. ಅವಳು ದಿನವೂ ಬಂದಳು, ದಿನವೂ ನಿಂತಳು, ದಿನವೂ ಬುಟ್ಟಿ ಹೊತ್ತುಕೊಂಡು ಹೋಗಿ ಬೀದಿಯ ನಾಯಿಗಳಿಗೆ ಸುರಿದಳು. ಇಪ್ಪತ್ತಮೂರನೆಯ ದಿನ ಒಬ್ಬ ಬಸ್ ಡ್ರೈವರು, "ನಾಯಿಗಳು ನನಗಿಂತ ದಪ್ಪ ಆಗ್ತಿವೆ, ಕೊಡಮ್ಮಾ ಒಂದು" ಎಂದರು. ಅವರೇ ದೊನ್ ಸರೀನು. ಮಾರನೆಯ ದಿನ ಸಾಲು ಹತ್ತಿತು. ಅವಳ ಕೈಗುಣ ಅಂಥದ್ದು.

ಬಟ್ಟೆ ಎತ್ತಬಾರದು ಎನ್ನುವುದು ಅಪ್ಪನ ಕಾಲಕ್ಕಿಂತ ಹಿಂದಿನ ಕಟ್ಟಳೆ. ಗಂಡನಿಗೂ ವಿನಾಯಿತಿ ಇಲ್ಲ. ಗಂಡನ ಹೆಸರು ಕೋಲಾ, ಆದರೆ ಕುಡಿಯುವುದು ವೈನು. ಬೆಳಗಿನ ಜಾವ ಹಂಡೆ ಹೊರುವುದು, ಕುದಿಸುವುದು, ಸೋಸುವುದು, ಎಲ್ಲ ಅವನೇ. ಹಂಡೆಯೊಳಗೆ ಏನಿದೆ ಎಂದು ಅವನಿಗೆ ಅಂಗೈ ಗೆರೆಯಷ್ಟು ಗೊತ್ತು. ಆದರೂ ಅದೇ ಮಾಂಸ ಬುಟ್ಟಿಗೆ ಇಳಿದು ಬಟ್ಟೆ ಹೊದ್ದುಕೊಂಡ ಮೇಲೆ ಅವನೂ ಮುಖ ತಿರುಗಿಸಿಬಿಡುತ್ತಾನೆ.

ಯಾಕೆ ಎತ್ತಬಾರದು? ಇದಕ್ಕೆ ಕಾಪೊದಲ್ಲಿ ತಲೆಗೊಂದು ವಿವರಣೆಯಿತ್ತು. ವಿಶ್ವವಿದ್ಯಾಲಯದ ಪ್ರೊಫೆಸರೊಬ್ಬರು ವಾರಕ್ಕೊಮ್ಮೆ ಬಂದು, ಇದು ಅರಬರ ಆಳ್ವಿಕೆಯ ಕಾಲದ ಪಳೆಯುಳಿಕೆ, ಗುಟ್ಟಿನ ಸಂಸ್ಕೃತಿ, ಎಂದು ಬಾಯಲ್ಲಿ ಎಳೆಮೂಳೆ ಇಟ್ಟುಕೊಂಡೇ ಉಪನ್ಯಾಸ ಕೊಡುತ್ತಿದ್ದರು. ಕಣ್ಣುಮುಚ್ಚಿ ನಂಬುವುದನ್ನು ಈ ಹೆಂಗಸು ತನಗಿಂತ ಚೆನ್ನಾಗಿ ಕಲಿಸುತ್ತಾಳೆ ಎಂದು ಚರ್ಚಿನ ಪಾದ್ರಿಗೆ ಒಳಗೊಳಗೇ ಹೊಟ್ಟೆಕಿಚ್ಚು. ನಿನ್ಫಾಳನ್ನು ಕೇಳಿದರೆ, "ತಿನ್ನೋದಾದ್ರೆ ತಿನ್ನಿ, ಸಾಲು ಮುಂದಕ್ಕೆ ಹೋಗಲಿ" ಎಂಬುದೇ ಉತ್ತರ.

ಎದ್ವಾರ್ದೊ ಕೆಟ್ಟವನೇನಲ್ಲ. ಮಿಲಾನಿಗೆ ಹೋದವನು ಪಲೆರ್ಮೊದಲ್ಲಿ ತಿನ್ನಬೇಕಾದ ಜಾಗಗಳ ಪಟ್ಟಿಯಲ್ಲಿ ಅವಳನ್ನೇ ಮೊದಲು ಬರೆದ. "ಏನು ತಿಂದೆ ಅಂತ ಕೇಳಬೇಡಿ, ಹೋಗಿ ತಿನ್ನಿ" ಎಂದು ಬರೆದು ತನ್ನ ಫೋನು ಬುಟ್ಟಿಯೊಳಗೆ ಸೆರೆಹಿಡಿದ ದೃಶ್ಯವನ್ನೂ ಹಾಕಿದ. ಮೂರು ಸೆಕೆಂಡು ಹಬೆ, ಆರು ಸೆಕೆಂಡು ಕತ್ತಲೆ, ಕೊನೆಗೆ ದೊನ್ ಸರೀನು ಅವರ ಹಲ್ಲು. ಲಕ್ಷಗಟ್ಟಲೆ ಜನ ನೋಡಿದರು. ಮುಂದಿನ ವಾರದಿಂದ ಸಾಲಿನಲ್ಲಿ ಅರ್ಧ ಜನ ತಿನ್ನಲು, ಅರ್ಧ ಜನ ಇಣುಕಲು. ಒಬ್ಬಳಂತೂ ಪೌಡರು ಹಚ್ಚಿಕೊಳ್ಳುವ ಕನ್ನಡಿಯನ್ನೇ ಬಟ್ಟೆಯ ಕೆಳಗೆ ಹಿಡಿದಳು. ನಿನ್ಫಾ ಅದನ್ನು ತಿರುಗಿಸಿ ಅವಳ ಮುಖಕ್ಕೇ ಹಿಡಿದು, "ನೋಡೋ ಹಾಗಿರೋದು ಇದೊಂದೇ, ನೋಡ್ಕೋ" ಎಂದಳು.

ಇವರಲ್ಲಿ ಯಾರೋ ಒಬ್ಬರು, ತಿನ್ನದೆಯೇ ಹೋದವರು, ದೂರು ಬರೆದರು. ಹತ್ತು ದಿನಕ್ಕೆ ಮಾರುಕಟ್ಟೆ ತನಿಖೆಯವರಿಂದ ನೋಟಿಸು ಬಂತು. ಇನ್ನು ಹದಿನೈದು ದಿನದೊಳಗೆ ಬುಟ್ಟಿ ತೆಗೆದು, ಗಿರಾಕಿಗೆ ತಿನಿಸು ಕಾಣುವಂಥ ಗಾಜಿನ ಪೆಟ್ಟಿಗೆ ಇಡತಕ್ಕದ್ದು. ಇಲ್ಲವಾದರೆ ಮೂಲೆಯ ಜಾಗ ಬೇರೆಯವರಿಗೆ.

ನೋಟಿಸನ್ನು ಗಟ್ಟಿಯಾಗಿ ಓದಿದವನು ಪಕ್ಕದ ವೈನಂಗಡಿಯ ಮಸೀನು. ಬೀದಿಯ ವರ್ತಕರ ಸಂಘದ ಅಧ್ಯಕ್ಷನೂ ಅವನೇ. 'ಕಾಪೊದಲ್ಲಿ ಎಲ್ಲಿ ತಿನ್ನಬೇಕು, ಎಲ್ಲಿ ಕುಡಿಯಬೇಕು' ಎಂಬ ಬಣ್ಣದ ಹಾಳೆಯನ್ನು ಆಗತಾನೇ ಅಚ್ಚು ಹಾಕಿಸಿದ್ದ. ಅದರಲ್ಲಿ ತಿನ್ನಲು ಮೊದಲ ಜಾಗ ನಿನ್ಫಾ, ಕುಡಿಯಲು ಮೊದಲ ಜಾಗ ಮಸೀನು. ಕೊಬ್ಬು ತಿಂದವನಿಗೆ ಒಂದು ಲೋಟ ಸಿಹಿ ಮಾರ್ಸಾಲಾ ವೈನು ಬೇಕೇ ಬೇಕು. ನಿನ್ಫಾ ಎದ್ದುಹೋದರೆ ಅವನ ಪೀಪಾಯಿ ತುಂಬಿದ್ದಲ್ಲೇ ಇರುತ್ತದೆ.

"ದೊನ್ನಾ ನಿನ್ಫಾ, ನಿಮ್ಮ ಒಳ್ಳೇದಕ್ಕೇ ಹೇಳ್ತಿದೀನಿ."

"ನನ್ನ ಒಳ್ಳೇದು ಬಿಡಿ ದೊನ್ ಮಸೀನು. ಇದರಲ್ಲಿ ನಿಮ್ಮ ಒಳ್ಳೇದು ಎಷ್ಟು, ಅಷ್ಟು ಹೇಳಿ."

"ಅಯ್ಯೋ! ಕಾಲ ಬದಲಾಗಿದೆ ತಾಯಿ. ಜನ ಈಗ ಮೊದಲು ಕಣ್ಣಲ್ಲಿ ತಿಂತಾರೆ. ನನ್ನ ಅಂಗಡೀಲೇ ನೋಡಿ, ಅರಂಚಿನಾ ಎಲ್ಲ ಗಾಜಿನ ಪೆಟ್ಟಿಗೇಲಿ, ಒಳಗೆ ಬಲ್ಬು. ಅನ್ನದುಂಡೆ ಹೋಗಿ ಚಿನ್ನದುಂಡೆ ಆಗಿದೆ!"

"ನಿಮ್ಮ ಉಂಡೆ ನೋಡೋಕೆ ಚೆಂದ ಇದೆ. ಅದಕ್ಕೇ ಎಲ್ಲರೂ ನೋಡಿಕೊಂಡು ಇಲ್ಲಿಗೆ ಬರ್ತಾರೆ."

ಮಸೀನು ಸುಮ್ಮನಿರುವ ಆಸಾಮಿಯಲ್ಲ. ನಾಲ್ಕನೆಯ ದಿನ ಸಂಘದ ಖರ್ಚಿನಲ್ಲಿ ಹೊಳೆಯುವ ಒಂದು ಗಾಜಿನ ಪೆಟ್ಟಿಗೆ ತರಿಸಿ, ಬಲ್ಬು ಹಚ್ಚಿ, ನಿನ್ಫಾಳ ಮೇಜಿನ ಪಕ್ಕದಲ್ಲಿ ಇಡಿಸಿದ. ಮಾರನೆಯ ಬೆಳಿಗ್ಗೆ ಬೀದಿಯವರೆಲ್ಲ ಏನಾಗುತ್ತದೋ ಎಂದು ಬಂದು ನೋಡಿದರೆ, ಪೆಟ್ಟಿಗೆಯೊಳಗೆ ಬಲ್ಬಿನ ಬೆಳಕಿನಲ್ಲಿ ಒಂದು ಡಜನ್ ನಿಂಬೆಹಣ್ಣು, ಒಂದು ಉಪ್ಪಿನ ಡಬ್ಬಿ, ಒಂದು ಮೆಣಸಿನಪುಡಿ ಡಬ್ಬಿ ರಾಜಮರ್ಯಾದೆಯಲ್ಲಿ ಕೂತಿದ್ದವು. ಬುಟ್ಟಿ ಇದ್ದಲ್ಲೇ ಇತ್ತು, ಬಟ್ಟೆ ಹೊದ್ದುಕೊಂಡು.

"ಇದೇನು ದೊನ್ನಾ ನಿನ್ಫಾ!"

"ಗಾಜಿನ ಪೆಟ್ಟಿಗೆ ಇಡಬೇಕು ಅಂತ ಬರೆದಿದಾರೆ. ಇಟ್ಟಿದೀನಿ. ಕಾಣಬೇಕು ಅಂತ ಬರೆದಿದಾರೆ. ಕಾಣ್ತಾ ಇದೆ."

"ಬುಟ್ಟಿ ತೆಗೀಬೇಕು ಅಂತಾನೂ ಬರೆದಿದಾರಲ್ಲಾ!"

"ಅದನ್ನ ಬರೆದವರೇ ಬಂದು ತೆಗೀಲಿ."

ಮನೆಯಲ್ಲಿ ಆ ಸಂಜೆ ಕೋಲಾ ಲೋಟ ಮೇಜಿನ ಮೇಲಿಟ್ಟು ಮೆಲ್ಲಗೆ ಕೇಳಿದ: "ಜಾಗ ಹೋದ್ರೆ ಏನು ಮಾಡೋಣ ನಿನ್ಫಾ? ನನಗೂ ಅರವತ್ತೆರಡಾಯ್ತು. ಬೇರೆ ಕೆಲಸ ಯಾರು ಕೊಡ್ತಾರೆ? ಒಂದು ಬಟ್ಟೆ ವಿಷಯ. ತೆಗೆದುಬಿಡೋದಲ್ವಾ?"

ನಿನ್ಫಾ ಕುದಿಸಿ ಒಗೆದ ಬಟ್ಟೆಯನ್ನು ಬಾಲ್ಕನಿಯ ಹಗ್ಗಕ್ಕೆ ಹಾಕುತ್ತಿದ್ದವಳು ತಿರುಗಲಿಲ್ಲ. ಹೆದರಿಕೆ ಅವಳಿಗೂ ಇತ್ತು. ಆ ಮೂಲೆ ಬಿಟ್ಟರೆ ಅವಳಿಗೆ ಪಲೆರ್ಮೊದಲ್ಲಿ ಇನ್ನೊಂದು ಮೂಲೆ ಗೊತ್ತಿಲ್ಲ. ಕ್ಲಿಪ್ಪು ಕಚ್ಚಿಕೊಂಡೇ ಹೇಳಿದಳು: "ಹೆಂಗಸು ಅಂತ ಅವತ್ತು ಏಳು ಅಂದ್ರು, ಏಳಲಿಲ್ಲ. ಈಗ ಬಟ್ಟೆ ಅಂತ ಏಳು ಅಂತಾರೆ. ಇವತ್ತು ಬಟ್ಟೆ ತೆಗೆದ್ರೆ ನಾಳೆ ಕೈ ತೆಗಿ ಅಂತಾರೆ. ನೀನು ಕುಡಿ ಸುಮ್ನೆ."

ಹದಿನೈದನೆಯ ದಿನ ತನಿಖೆಗೆ ಬಂದವರು ದೊತ್ತೋರೆ ಬಾಲ್ದಸ್ಸಾರೆ. ಅಲ್ಲಿ ಟೈ ಕಟ್ಟಿದವರೆಲ್ಲ ದೊತ್ತೋರೆಗಳೇ, ರೋಗಿಗಳಿರಬೇಕು ಎಂದೇನಿಲ್ಲ. ಬಡಕಲು ಮನುಷ್ಯ, ಕಂಕುಳಲ್ಲಿ ಫೈಲು, ಜೇಬಿನಲ್ಲಿ ಉದ್ದ ಸೂಜಿಯ ಥರ್ಮಾಮೀಟರು. ಬೆಳಿಗ್ಗೆ ಐದಕ್ಕೇ ಕೋಲಾನ ಅಡಿಗೆಮನೆಗೆ ನುಗ್ಗಿ ಹಂಡೆ, ಸೌಟು, ನಲ್ಲಿ, ಉಗುರು ಎಲ್ಲ ನೋಡಿ ಬಂದಿದ್ದರು. ತಪ್ಪು ಒಂದೂ ಸಿಕ್ಕಿರಲಿಲ್ಲ. ಹತ್ತು ಗಂಟೆಗೆ ಮಾರುಕಟ್ಟೆಗೆ ಬಂದಾಗ ಇಡೀ ಕಾಪೊ ಆ ಮೂಲೆಯಲ್ಲಿ ನಿಂತಿತ್ತು. ಪ್ರೊಫೆಸರು ಭಾಷಣದ ಚೀಟಿ ಹಿಡಿದು ಬಂದಿದ್ದರು. ಎದ್ವಾರ್ದೊ ಕೂಡ ಮಿಲಾನಿನಿಂದ ಬಂದಿದ್ದ, ಈ ಸಲ ಎರಡೂ ಕೈ ಜೇಬಿನಲ್ಲಿಟ್ಟುಕೊಂಡು.

"ಸಿನ್ಯೋರಾ, ನಿಮ್ಮ ಅಡಿಗೆಮನೆ ನಮ್ಮ ಆಸ್ಪತ್ರೆಗಿಂತ ಚೊಕ್ಕಟವಾಗಿದೆ" ಎಂದರು ದೊತ್ತೋರೆ. "ಹಾಗಿದ್ದ ಮೇಲೆ ಮುಚ್ಚಿಡೋದು ಯಾಕೆ? ಬಟ್ಟೆ ಎತ್ತಿ, ಒಂದು ಸಲ ನೋಡ್ತೀನಿ, ಮುಗೀತು."

"ಎತ್ತಲ್ಲ."

"ಗಿರಾಕಿಗೆ ತಾನು ಏನು ತಿಂತಿದೀನಿ ಅಂತ ಗೊತ್ತಾಗಬೇಕಲ್ವಾ?"

"ತಿಂದ್ರೆ ಗೊತ್ತಾಗುತ್ತೆ."

"ನಾನು ಸರ್ಕಾರದವನು, ಸಿನ್ಯೋರಾ."

"ಸಾಲು ಅಲ್ಲಿಂದ ಶುರುವಾಗುತ್ತೆ, ದೊತ್ತೋರೆ."

ಜನ ಕಿಸಕ್ಕೆಂದರು. ದೊತ್ತೋರೆಯ ಬಡಕಲು ಕತ್ತು ಕೆಂಪೇರಿತು. "ಹಾಗಾದ್ರೆ ನಾನೇ ಎತ್ತಬೇಕಾಗುತ್ತೆ. ಆಮೇಲೆ ಜಾಗದ ವಿಷಯ ನನ್ನ ಕೈಯಲ್ಲಿಲ್ಲ" ಎಂದು ಬಟ್ಟೆಯ ಅಂಚಿಗೆ ಎರಡು ಬೆರಳು ಹಾಕಿದರು.

ನಿನ್ಫಾ ತಡೆಯಲಿಲ್ಲ. ಎರಡೂ ಕೈ ಸೊಂಟದ ಮೇಲಿಟ್ಟುಕೊಂಡು ಅವರ ಮುಖವನ್ನೇ ನೋಡುತ್ತ ನಿಂತಳು.

ಆಗ ದೊನ್ ಸರೀನು ಟೋಪಿ ತೆಗೆದು, ಬುಟ್ಟಿಗೆ ಬೆನ್ನು ಹಾಕಿ, ಗೋಡೆಯ ಕಡೆಗೆ ತಿರುಗಿ ನಿಂತರು. ಅವರ ಹಿಂದೆ ಮೀನಿನವನು ತಿರುಗಿದ. ತರಕಾರಿಯ ಹೆಂಗಸರು ತಿರುಗಿದರು. ಪ್ರೊಫೆಸರು ಚೀಟಿಯನ್ನು ಜೇಬಿಗೆ ಹಾಕಿ ತಿರುಗಿದರು. ಒಬ್ಬರ ಮನೆಯ ಬಾಗಿಲು ಅಕಸ್ಮಾತ್ ತೆರೆದುಕೊಂಡಾಗ ಮರ್ಯಾದಸ್ಥರು ಮುಖ ಆಚೆ ಮಾಡುತ್ತಾರಲ್ಲ, ಹಾಗೆ ಇಡೀ ಕಾಪೊ ಮುಖ ಆಚೆ ಮಾಡಿತು. ಮಸೀನು ಒಂದು ಗಳಿಗೆ ಆ ಕಡೆ ಈ ಕಡೆ ನೋಡಿ, ಸಂಘದ ಅಧ್ಯಕ್ಷನಾಗಿ ಉಳಿಯಬೇಕೆಂದರೆ ಸಂಘ ನೋಡುವ ಕಡೆಗೇ ನೋಡಬೇಕು ಎಂದುಕೊಂಡು ತಾನೂ ತಿರುಗಿದ. ಮಾರುಕಟ್ಟೆಯ ಕೂಗಾಟ ನಿಂತುಹೋಯಿತು.

ಇನ್ನೂರು ಬೆನ್ನುಗಳ ನಡುವೆ ದೊತ್ತೋರೆ ಬಾಲ್ದಸ್ಸಾರೆ ಒಬ್ಬರೇ ಬಟ್ಟೆಯ ಅಂಚು ಹಿಡಿದು ನಿಂತರು. ಟೈ ಕಟ್ಟಿದ್ದರೇನು, ಅವರೂ ಪಲೆರ್ಮೊದವರೇ. ಅವರಪ್ಪನೂ ಭಾನುವಾರ ಕಾಗದದ ಪೊಟ್ಟಣ ಹಿಡಿದು ಮನೆಗೆ ಬರುತ್ತಿದ್ದವರೇ. ಅವರು ಅಂಚನ್ನು ಒಂದು ಇಂಚೂ ಎತ್ತಲಿಲ್ಲ. ಜೇಬಿನಿಂದ ಥರ್ಮಾಮೀಟರು ತೆಗೆದು, ತಮ್ಮ ಮುಖವನ್ನೂ ಪಕ್ಕಕ್ಕೆ ಮಾಡಿಕೊಂಡು, ಕೈಯನ್ನು ಬಟ್ಟೆಯ ಕೆಳಗೆ ತೂರಿಸಿದರು.

"ಅಮ್ಮಾ!" ಎಂದು ಕೈ ಎಳೆದುಕೊಂಡರು. ಎರಡು ಬೆರಳು ಸುಟ್ಟಿತ್ತು.

"ಮೂವತ್ತಮೂರು ವರ್ಷ ಬೇಕು, ದೊತ್ತೋರೆ" ಎಂದಳು ನಿನ್ಫಾ.

ಅವರು ಥರ್ಮಾಮೀಟರು ನೋಡಿದರು. ಇನ್ನೊಮ್ಮೆ ನೋಡಿದರು. "ಅರವತ್ತನಾಲ್ಕು ಡಿಗ್ರಿ" ಎಂದರು. ಬಿಸಿ ತಿನಿಸು ಅರವತ್ತಕ್ಕಿಂತ ಕೆಳಗೆ ಇಳಿಯಬಾರದು ಎನ್ನುವುದು ಅವರ ಪುಸ್ತಕದ ನಿಯಮ. ಆ ಸಂತೋಷವೋ, ಸುಟ್ಟ ಬೆರಳಿನ ಸಿಟ್ಟೋ, ಅವರು ಅಲ್ಲಿಂದ ನೇರ ಮಸೀನುವಿನ ಅಂಗಡಿಗೆ ಹೋಗಿ, ಬಲ್ಬಿನ ಕೆಳಗೆ ಮಿರುಗುತ್ತಿದ್ದ ಒಂದು ಅರಂಚಿನಾಗೆ ಸೂಜಿ ಚುಚ್ಚಿದರು.

"ಮೂವತ್ತೆಂಟು! ಜ್ವರ ಬಂದ ಮನುಷ್ಯ ಇದಕ್ಕಿಂತ ಬಿಸಿ ಇರ್ತಾನೆ, ದೊನ್ ಮಸೀನು."

"ನೋಡೋಕೆ ಬಿಸಿಯಾಗೇ ಕಾಣುತ್ತಲ್ಲಾ, ದೊತ್ತೋರೆ..."

"ಕಾಣೋದನ್ನ ಅಳೆಯೋ ಯಂತ್ರ ಸರ್ಕಾರ ನನಗೆ ಕೊಟ್ಟಿಲ್ಲ."

ಈಗ ಎಲ್ಲರೂ ಈ ಕಡೆ ತಿರುಗಿದ್ದರು. ಮಸೀನುವಿನ ಗಾಜಿನ ಪೆಟ್ಟಿಗೆಗೆ ಹದಿನೈದು ದಿನದ ನೋಟಿಸು ಅಲ್ಲೇ ಬರೆದುಕೊಟ್ಟದ್ದಾಯಿತು. ಮೀನಿನವನು ಶಿಳ್ಳೆ ಹಾಕಿದ. ದೊನ್ ಸರೀನು ಟೋಪಿ ಹಾಕಿಕೊಂಡರು. ನಿನ್ಫಾಳ ಮೂಲೆ ನಿನ್ಫಾಳಿಗೇ ಉಳಿಯಿತು ಎಂದು ಬೀದಿಗೆ ಗೊತ್ತಾದದ್ದೇ ತಡ, ಕೂಗಾಟ ಇಮ್ಮಡಿಯಾಗಿ ವಾಪಸು ಬಂತು. ಕೋಲಾ ಎಲ್ಲರೆದುರೇ ಹೆಂಡತಿಯ ಹೆಗಲ ಮೇಲೆ ಕೈ ಹಾಕಿದ. ಗಿರಾಕಿ ಕಾಯ್ತಿದಾರೆ ಎಂದು ಅವಳು ಕೊಡವಿಕೊಂಡಳು.

ದೊತ್ತೋರೆ ಮೇಜಿನ ಮೂಲೆಯಲ್ಲಿ ಫೈಲು ಬಿಡಿಸಿ ವರದಿ ಬರೆಯತೊಡಗಿದರು. ಬುಟ್ಟಿ: ಇರತಕ್ಕದ್ದು. ಬಟ್ಟೆ: ಇರತಕ್ಕದ್ದು. ಕೊನೆಯ ಕಾಲಮ್ಮಿನಲ್ಲಿ ಅವರ ಪೆನ್ನು ನಿಂತಿತು.

"ಮುಚ್ಚಿಡಲು ಕಾರಣ ಅಂತ ಒಂದು ಕಾಲಮ್ ಇದೆ, ದೊನ್ನಾ ನಿನ್ಫಾ" ಎಂದರು. ಹೊರಗಿನವರ ಸಿನ್ಯೋರಾ ಹೋಗಿ ಬೀದಿಯವರ ದೊನ್ನಾ ಬಂದದ್ದನ್ನು ಎಲ್ಲರೂ ಗಮನಿಸಿದರು. "ಏನು ಬರೀಲಿ?"

"ಪರಂಪರೆ ಅಂತ ಬರೀರಿ! ಒಂಬೈನೂರನೇ ಇಸವಿಯಿಂದ..." ಎಂದು ಪ್ರೊಫೆಸರು ಚೀಟಿ ಹೊರತೆಗೆದರು.

"ನಂಬಿಕೆ" ಎಂದರು ಪಾದ್ರಿ.

"ಸ್ವಾಭಿಮಾನ ಅಂತ ಬರೀರಿ ಸಾರ್" ಎಂದ ಎದ್ವಾರ್ದೊ. ಅವನ ಕಣ್ಣು ನಿಜವಾಗಿಯೂ ಒದ್ದೆಯಾಗಿತ್ತು.

"ಬಿಸಿ ಆರಬಾರದು ಅಂತ, ಅಷ್ಟೇ ತಾನೆ?" ಎಂದು ದೊತ್ತೋರೆ ಬಿಸಿಯ ಮೊದಲ ಅಕ್ಷರ ಬರೆದೂಬಿಟ್ಟಿದ್ದರು. "ಇರಲಿ, ಅವರೇ ಹೇಳಲಿ. ಹೇಳಿ ದೊನ್ನಾ ನಿನ್ಫಾ, ಇಷ್ಟು ವರ್ಷ ಯಾರಿಗೂ ಹೇಳಿಲ್ಲವಂತೆ. ಯಾಕೆ ಎತ್ತಲ್ಲ?"

ಇಡೀ ಕಾಪೊ ಒಂದು ಹೆಜ್ಜೆ ಮುಂದೆ ಬಂತು. ನಿನ್ಫಾ ಮುಂದಿನ ಗಿರಾಕಿಯ ಕಾಗದಕ್ಕೆ ಒಂದು ಹಿಡಿ ಹಾಕಿ, ಕೈ ಒರೆಸಿಕೊಂಡಳು.

"ಕಂಡ್ರೆ ಆರಿಸ್ತಾರೆ, ದೊತ್ತೋರೆ. ಇದು ಬೇಡ, ಅದು ಕೊಡು, ಅಲ್ಲಿ ಆ ಪಕ್ಕದ್ದು ಕೊಡು, ಅಂತ ಒಬ್ಬೊಬ್ಬರೂ ಹತ್ತು ನಿಮಿಷ ತಗೋತಾರೆ. ನನಗೆ ಮಧ್ಯಾಹ್ನ ಒಂದು ಗಂಟೆಗೆ ಮನೆಗೆ ಹೋಗಿ ಮಲಗಬೇಕು."